ತಪ್ಪು ನನ್ನದು, ದಂಡ ಅವಳದು

ಹೋದ ತಿಂಗಳು ಹಳೇ ಪರಿಚಯದ ಕಾಲೇಜಿನವರೊಬ್ಬರು ಫೋನ್ ಮಾಡಿ, ತಮ್ಮ ವೆಬ್‌ಸೈಟನ್ನು ಹೊಸದಾಗಿ ಮಾಡಿಕೊಡಿ ಅಂದರು. ಹದಿನೈದು ವರ್ಷದ ಸೈಟು. ನಮ್ಮ ಟೀಮಿನ ಹುಡುಗ, ಬಿಇ ಮುಗಿಸಿ ಎರಡು ವರ್ಷ ಆಗಿದೆ, ಅದರ ಹಳೇ ಕೋಡ್ ತೆಗೆದು ಮೊದಲ ಸಾಲು ನೋಡಿ ಜೋರಾಗಿ ನಕ್ಕ.

"ಸರ್, ಎಕ್ಸ್‌ಎಚ್‌ಟಿಎಂಎಲ್ 1.0 ಸ್ಟ್ರಿಕ್ಟ್ ಅಂತೆ! ಇದನ್ನ ಯಾವ ಪುಣ್ಯಾತ್ಮ ಬರೆದಿದ್ದು?"

"ನಾನೇ," ಅಂದೆ.

ಪಾಪ, ಅವನ ಮುಖ ನೋಡೋ ಹಾಗಿರಲಿಲ್ಲ. ಸುಧಾರಿಸಿಕೊಂಡು ಆಮೇಲೆ ಕೇಳಿದ, "ಈಗ ಯಾವುದ್ರಲ್ಲಿ ಮಾಡೋಣ ಸರ್? ಹೆಂಗಿದ್ರೂ ಕ್ಲೋಸಿಂಗ್ ಟ್ಯಾಗ್ ಹಾಕದಿದ್ರೂ ಬ್ರೌಸರ್ ತೋರಿಸುತ್ತಲ್ಲ, ಯಾಕೆ ಇಷ್ಟೊಂದು ತಲೆ ಕೆಡಿಸ್ಕೋಬೇಕು?" ಎಚ್‌ಟಿಎಂಎಲ್5 ಅಂತ ಒಂದೇ ಪದದಲ್ಲಿ ಹೇಳಿ ಮುಗಿಸಬಹುದಿತ್ತು. ಈ ಕಾಲದಲ್ಲಿ ಅದರ ಬಗ್ಗೆ ಯಾರೂ ಜಗಳ ಆಡಲ್ಲ. ಆದರೆ ಅವನು ಕೇಳಿದ ಎರಡನೇ ಪ್ರಶ್ನೆ ನನ್ನನ್ನ ಎರಡು ರಾತ್ರಿ ಕಾಡಿತು. ತಪ್ಪು ಮಾಡಿದವನನ್ನ ಮನ್ನಿಸಬೇಕಾ, ಶಿಕ್ಷಿಸಬೇಕಾ ಅನ್ನೋ ಹಳೇ ಪ್ರಶ್ನೆಯೇ ಅದು. ಈ ಪ್ರಶ್ನೆ ಎತ್ತಿಕೊಂಡು ನಮ್ಮ ಕಂಪ್ಯೂಟರಿನವರು ಸುಮಾರು ಹತ್ತು ವರ್ಷ ಹೊಡೆದಾಡಿದ್ದಾರೆ.

ನಾನು ಶಿರಾ ಕಡೆಯ ಹಳ್ಳಿಯವನು. 2009ರಲ್ಲಿ ಬಿಇ ಮುಗಿಸಿ ಬೆಂಗಳೂರಿನ ಒಂದು ಸಣ್ಣ ಕಂಪನಿ ಸೇರಿದೆ. ಹನ್ನೊಂದು ಜನ, ಎರಡು ರೂಮು, ಒಂದು ಯುಪಿಎಸ್ಸು. ನನ್ನ ಇಂಗ್ಲಿಷು ಆಗ ಹೇಗಿತ್ತು ಅಂದರೆ, ಕ್ಲೈಂಟ್ ಕಾಲ್ ಬಂದರೆ ನೀರು ಕುಡಿಯೋ ನೆಪ ಮಾಡಿ ಎದ್ದು ಹೋಗುತ್ತಿದ್ದೆ. ಮೀಟಿಂಗಿನಲ್ಲಿ ಯಾರು ಚೆನ್ನಾಗಿ ಮಾತಾಡ್ತಾರೋ ಅವರದೇ ಸರಿ ಅನ್ನೋ ಲೋಕ ಅದು. ಅಂಥದ್ದರಲ್ಲಿ ನನಗೆ ಎಕ್ಸ್‌ಎಚ್‌ಟಿಎಂಎಲ್ ಸಿಕ್ಕಿತು.

ಗೊತ್ತಿಲ್ಲದವರಿಗೆ ನಾಲ್ಕು ಮಾತು. ವೆಬ್ ಪುಟದಲ್ಲಿ ಇದು ಶೀರ್ಷಿಕೆ, ಇದು ಪ್ಯಾರಾ, ಇದು ಚಿತ್ರ ಅಂತ ಗುರುತು ಹಾಕೋದಕ್ಕೆ ಟ್ಯಾಗ್ ಅಂತಾರೆ. ಟಿಮ್ ಬರ್ನರ್ಸ್-ಲೀ ಅವರು ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿ ಇದನ್ನೆಲ್ಲ ಶುರು ಮಾಡಿದಾಗಿನಿಂದಲೂ ಬ್ರೌಸರುಗಳು ಧಾರಾಳಿಗಳು. ತೆರೆದ ಟ್ಯಾಗ್ ಮುಚ್ಚದಿದ್ದರೂ, ಒಂದರೊಳಗೊಂದು ಸಿಕ್ಕಿಹಾಕಿಕೊಂಡಿದ್ದರೂ, ಏನೋ ಒಂದು ಊಹೆ ಮಾಡಿ ಪುಟ ತೋರಿಸುತ್ತಿದ್ದವು. ಅದರಿಂದಲೇ ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಪಕ್ಕದವರ ಪುಟದ ಸೋರ್ಸ್ ನೋಡಿ, ಕಾಪಿ ಹೊಡೆದು, ತಮ್ಮದೊಂದು ಪುಟ ಮಾಡಿಕೊಂಡರು. ವೆಬ್ ಅಷ್ಟು ಬೇಗ ಹಬ್ಬಿದ್ದಕ್ಕೆ ಇದೂ ಒಂದು ಕಾರಣ.

ಆದರೆ ಆ ಊಹೆ ಇತ್ತಲ್ಲ, ಅದು ಒಂದೊಂದು ಬ್ರೌಸರಿಗೆ ಒಂದೊಂದು ಥರ. ಇದರಲ್ಲಿ ಚೆನ್ನಾಗಿ ಕಂಡದ್ದು ಅದರಲ್ಲಿ ಚೆಲ್ಲಾಪಿಲ್ಲಿ. ಹೊಸದಾಗಿ ಬ್ರೌಸರ್ ಮಾಡೋನು ನಿಯಮದ ಪುಸ್ತಕ ಓದಿದರೆ ಸಾಲದು, ಹಳೇ ಬ್ರೌಸರುಗಳು ತಪ್ಪನ್ನು ಹೇಗೆ ಹೇಗೆ ನುಂಗುತ್ತವೆ ಅನ್ನೋದನ್ನೂ ಕದ್ದು ಕಲೀಬೇಕಿತ್ತು. ಇದಕ್ಕೆ ಮದ್ದು ಅಂತ 1998ರಲ್ಲಿ ಎಕ್ಸ್‌ಎಂಎಲ್ ಬಂತು. ಅದರ ಕಾನೂನು ಸರಳ: ಒಂದೇ ಒಂದು ವ್ಯಾಕರಣದ ತಪ್ಪು ಇದ್ದರೂ ಅಲ್ಲಿಗೆ ನಿಲ್ಲಿಸು, ಮುಂದಕ್ಕೆ ಓದಲೇಬೇಡ. ಪ್ರಾಚೀನ ಅಥೆನ್ಸಿನಲ್ಲಿ ಸಣ್ಣ ತಪ್ಪಿಗೂ ಮರಣದಂಡನೆ ಬರೆದಿಟ್ಟ ಅಂತ ಹೆಸರಾದ ಡ್ರೇಕೋ ಎಂಬವನಿದ್ದನಲ್ಲ, ಈ ಪದ್ಧತಿಗೆ ಅವನ ಹೆಸರನ್ನೇ ಇಟ್ಟರು. ಆ ಕಾನೂನನ್ನು ಎಚ್‌ಟಿಎಂಎಲ್‌ಗೆ ತೊಡಿಸಿ 2000ದ ಜನವರಿಯಲ್ಲಿ ಡಬ್ಲ್ಯು3ಸಿ ಹೊರತಂದದ್ದೇ ಎಕ್ಸ್‌ಎಚ್‌ಟಿಎಂಎಲ್ 1.0.

ನನಗೆ ಅದು ಯಾಕೆ ಅಷ್ಟು ಇಷ್ಟವಾಯಿತು ಅಂತ ಈಗ ಗೊತ್ತಾಗುತ್ತೆ. ಡಬ್ಲ್ಯು3ಸಿಯ ವ್ಯಾಲಿಡೇಟರ್‌ಗೆ ನನ್ನ ಪುಟ ಕೊಟ್ಟರೆ ಹಸಿರು ಪಟ್ಟಿ ಬರುತ್ತಿತ್ತು. ಅದು ನನ್ನ ಇಂಗ್ಲಿಷ್ ಕೇಳಲಿಲ್ಲ, ಯಾವ ಕಾಲೇಜು ಅಂತ ಕೇಳಲಿಲ್ಲ. ಕಾನ್ವೆಂಟಿನಲ್ಲಿ ಓದಿದ ಸಹೋದ್ಯೋಗಿಯ ಪುಟಕ್ಕೆ ಕೆಂಪು, ನನ್ನದಕ್ಕೆ ಹಸಿರು. ಹಳ್ಳಿಯಿಂದ ಬಂದವರಿಗೆ ಈ ಸುಖ ಅರ್ಥ ಆಗುತ್ತೆ. ಧಾರಾಳತನ ಅನ್ನೋದು ಸಾಮಾನ್ಯವಾಗಿ ಪರಿಚಯ ಇದ್ದವರಿಗೆ ಸಿಗೋ ಸವಲತ್ತು. "ಅಯ್ಯೋ ನಮ್ಮ ಹುಡುಗ ಬಿಡ್ರಿ, ಅರ್ಜೀಲಿ ಒಂದ್ ಸೈನ್ ಇಲ್ದಿದ್ರೆ ಏನಂತೆ" ಅಂತ ಅನ್ನಿಸಿಕೊಳ್ಳೋ ಅದೃಷ್ಟ ಎಲ್ಲರಿಗೂ ಇರಲ್ಲ. ಯಾರ ಪರಿಚಯವೂ ಇಲ್ಲದವನಿಗೆ ಬಿಗಿಯಾದ ನಿಯಮವೇ ದೊಡ್ಡ ಆಸರೆ. ನಿಯಮ ಕಠಿಣವಾಗಿದ್ದರೂ ಪರವಾಗಿಲ್ಲ, ಎಲ್ಲರಿಗೂ ಒಂದೇ ಇರಲಿ ಅನ್ನೋನು ನಾನು. ಪುಟದ ಕೆಳಗೆ "ವ್ಯಾಲಿಡ್ ಎಕ್ಸ್‌ಎಚ್‌ಟಿಎಂಎಲ್" ಅನ್ನೋ ಪುಟ್ಟ ಬಿಲ್ಲೆ ಅಂಟಿಸಿ, ಅದನ್ನೇ ದಿನಕ್ಕೆ ನಾಲ್ಕು ಸಲ ನೋಡಿಕೊಳ್ಳುತ್ತಿದ್ದೆ.

2010ರ ಜೂನ್. ಈ ಕಾಲೇಜಿನ ಸೈಟು ನನ್ನ ಮೊದಲ ಸ್ವಂತ ಕೆಲಸ. ಅಡ್ಮಿಶನ್ ಆಯ್ಕೆ ಪಟ್ಟಿ ಅದರಲ್ಲೇ ಬರಬೇಕು. ಆ ಕಾಲದಲ್ಲಿ ಇನ್ನೊಂದು ತಮಾಷೆ ಇತ್ತು. ಹೆಚ್ಚಿನವರು ಪುಟದ ಮೇಲೆ ಎಕ್ಸ್‌ಎಚ್‌ಟಿಎಂಎಲ್ ಅಂತ ಬರೆದು, ಸರ್ವರ್‌ನಿಂದ ಮಾಮೂಲಿ ಎಚ್‌ಟಿಎಂಎಲ್ ಅಂತಲೇ ಕಳಿಸುತ್ತಿದ್ದರು. ಹಾಗಾಗಿ ಕಠಿಣ ಕಾನೂನು ಯಾರಿಗೂ ತಟ್ಟುತ್ತಲೇ ಇರಲಿಲ್ಲ. ನಿಜವಾದ ಎಕ್ಸ್‌ಎಚ್‌ಟಿಎಂಎಲ್ ಅಂತ ಕಳಿಸಿದರೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅದನ್ನು ತೆರೆಯುತ್ತಲೇ ಇರಲಿಲ್ಲ, ಡೌನ್‌ಲೋಡ್ ಮಾಡ್ಕೊಳ್ಳಿ ಅನ್ನುತ್ತಿತ್ತು. ನಾನು ಮಹಾ ಪ್ರಾಮಾಣಿಕ ನೋಡಿ, ಎಕ್ಸ್‌ಪ್ಲೋರರ್ ಕೇಳಿದರೆ ಮಾಮೂಲಿ ಪುಟ, ಫೈರ್‌ಫಾಕ್ಸ್ ಕೇಳಿದರೆ ಅಸಲಿ ಎಕ್ಸ್‌ಎಚ್‌ಟಿಎಂಎಲ್ ಹೋಗೋ ಹಾಗೆ ಸರ್ವರ್‌ನಲ್ಲಿ ಬರೆದೆ.

ಪಟ್ಟಿ ಹಾಕಿದ ದಿನ ಆಫೀಸಿನ ಗುಮಾಸ್ತರು ಪುಟದ ಮೇಲುಗಡೆ ಒಂದು ನೋಟಿಸ್ ಟೈಪ್ ಮಾಡಿದರು. ಫೀಸ್ & ಹಾಸ್ಟೆಲ್ ಹಣ ಇಂಥ ದಿನದೊಳಗೆ ಕಟ್ಟತಕ್ಕದ್ದು ಅಂತ. ಆ & ಚಿಹ್ನೆ ಇದೆಯಲ್ಲ, ಅಂಗಡಿ ಬೋರ್ಡಿನಲ್ಲಿ 'ಅಂಡ್ ಸನ್ಸ್' ಅಂತ ಬರೆಯೋಕೆ ಹಾಕ್ತಾರಲ್ಲ, ಅದನ್ನ ಎಕ್ಸ್‌ಎಂಎಲ್‌ನಲ್ಲಿ ಹಾಗೇ ಬಿಡೋ ಹಾಗಿಲ್ಲ, ಬೇರೆ ರೀತಿ ಬರೀಬೇಕು. ಟೈಪ್ ಮಾಡಿದ್ದನ್ನು ಸರಿಮಾಡಿ ಪುಟಕ್ಕೆ ಹಾಕಬೇಕಾದ ಕೋಡ್ ನಾನು ಬರೆದಿರಲಿಲ್ಲ. ಕಾಲೇಜಿನ ಕಂಪ್ಯೂಟರುಗಳಲ್ಲಿ ಇದ್ದದ್ದು ಎಕ್ಸ್‌ಪ್ಲೋರರ್. ಅವರಿಗೆ ಎಲ್ಲಾ ಸರಿಯಾಗಿ ಕಂಡಿತು. ಫೈರ್‌ಫಾಕ್ಸ್ ಇದ್ದವರಿಗೆ ಮಾತ್ರ ತಿಳಿಹಳದಿ ಬಣ್ಣದ ಒಂದು ಪುಟ, ಅದರಲ್ಲಿ ಕೆಂಪು ಇಂಗ್ಲಿಷ್ ಅಕ್ಷರದಲ್ಲಿ ಎಕ್ಸ್‌ಎಂಎಲ್ ಪಾರ್ಸಿಂಗ್ ಎರರ್, ಇಷ್ಟನೇ ಸಾಲು, ಇಷ್ಟನೇ ಕಾಲಂ. ಪಟ್ಟಿ ಗಿಟ್ಟಿ ಏನೂ ಇಲ್ಲ.

ಪಾವಗಡ ಕಡೆಯ ಒಬ್ಬ ಹುಡುಗಿ ಬಸ್ಸಿನಲ್ಲಿ ಪೇಟೆಗೆ ಬಂದು ಸೈಬರ್‌ನಲ್ಲಿ ಆ ಪುಟ ತೆಗೆಸಿದ್ದಾಳೆ. ಅಲ್ಲಿ ಫೈರ್‌ಫಾಕ್ಸ್ ಇತ್ತು. ಸೈಬರಿನವನು "ಸರ್ವರ್ ಡೌನ್ ಆಗೈತೆ, ನಾಳೆ ನಾಡಿದ್ದು ಬಾರಮ್ಮ" ಅಂದಿದ್ದಾನೆ. ಅವಳು ಎರಡು ದಿನ ಬಿಟ್ಟು ಬರುವಷ್ಟರಲ್ಲಿ ಕಡೇ ದಿನ ದಾಟಿತ್ತು. ಪುಣ್ಯಕ್ಕೆ ಸೀಟು ಹೋಗಲಿಲ್ಲ. ಐನೂರು ರೂಪಾಯಿ ದಂಡ ಹಾಕಿ ಫೀಸ್ ಕಟ್ಟಿಸಿಕೊಂಡರು. ನನಗೆ ಇದು ಗೊತ್ತಾಗಿದ್ದು ಹದಿನೈದು ದಿನ ಆದಮೇಲೆ, ಗುಮಾಸ್ತರು ಚಹಾ ಕುಡೀತಾ ಹೇಳಿದಾಗ. "ನಿಮ್ ಸೈಟ್ ಒಂದಿನ ಕೆಟ್ಟೋಗಿತ್ತಂತೆ ಕಣ್ರಿ" ಅಂದರು. ಅವಳ ಹೆಸರು ನಾನು ಕೇಳಲಿಲ್ಲ. ಐನೂರು ಕಳಿಸಬೇಕು ಅಂತ ಅವತ್ತು ಅನ್ನಿಸಿತ್ತು. ಕಳಿಸಲಿಲ್ಲ.

ಇದರಲ್ಲಿ ತಪ್ಪು ಯಾರದು? ನೋಟಿಸ್ ಟೈಪ್ ಮಾಡಿದವರದಂತೂ ಅಲ್ಲ, ಅವರು ಕನ್ನಡ ಮೇಷ್ಟ್ರ ಹತ್ರ ಕಲಿತದ್ದನ್ನೇ ಬರೆದರು. ಕೋಡ್ ಬರೆದ ನನ್ನದು. ನಿಯಮ ಕಠಿಣವಾಗಿತ್ತು, ಸರಿ. ಆದರೆ ಆ ಕಠಿಣ ನಿಯಮ ಯಾರ ಮೇಲೆ ಬಿತ್ತು? ನನ್ನ ಕಂಪ್ಯೂಟರಿನಲ್ಲಿ ಒಂದು ಕೆಂಪು ದೀಪವೂ ಉರಿಯಲಿಲ್ಲ. ಹಳದಿ ಪುಟ ಬಂದದ್ದು ಆ ತಪ್ಪನ್ನು ಮಾಡದ, ಸರಿಪಡಿಸಲೂ ಆಗದ, ಇಂಗ್ಲಿಷಿನಲ್ಲಿ ಏನು ಬರೆದಿದೆ ಅಂತ ಓದಲೂ ಆಗದ ಒಬ್ಬಳಿಗೆ.

ನಮ್ಮಪ್ಪನಿಗೂ ಇಂಥದ್ದೇ ಆಗಿತ್ತು. ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂದಾಗ ಅಪ್ಪನ ಹೆಸರಿನ ಕೊನೆಯ 'ಪ್ಪ' ಹೋಗಿ 'ಯ್ಯ' ಆಗಿಬಿಟ್ಟಿತ್ತು. ಎಷ್ಟೋ ವರ್ಷ ಅದರಿಂದ ಏನೂ ತೊಂದರೆ ಆಗಲಿಲ್ಲ, ಯಾಕಂದ್ರೆ ಊರಿನ ಶಾನುಭೋಗರ ಕಾಲದಿಂದ ಆ ಹೊಲ ಯಾರದು ಅಂತ ಎಲ್ಲರಿಗೂ ಗೊತ್ತು. ಆಮೇಲೆ ಒಂದು ವರ್ಷ ಕಡ್ಲೆಕಾಯಿ ಬೆಳೆ ವಿಮೆ ಹಣ ಬರಲಿಲ್ಲ. ಪಹಣಿ ಒಂದು ಹೇಳ್ತದೆ, ಬ್ಯಾಂಕ್ ಪಾಸ್‌ಬುಕ್ ಒಂದು ಹೇಳ್ತದೆ, ತಾಳೆ ಆಗಲ್ಲ ಅಂದರು. ಟೈಪ್ ಮಾಡಿದವರು ಯಾರೋ, ಅಫಿಡವಿಟ್ ಮಾಡಿಸಿಕೊಂಡು ಬಸ್ಸು ಹತ್ತಿ ಇಳಿದವರು ಅಪ್ಪ. ನಾಲ್ಕು ಸಲ. ಆ ಕಚೇರಿಯ ಕಂಪ್ಯೂಟರಿಗೆ ಎಕ್ಸ್‌ಎಂಎಲ್‌ನ ಬುದ್ಧಿ ಅಂತ ನಾನು ನಗಾಡಿದ್ದೆ. ನಗು ಪೂರ್ತಿ ಬರುವ ಮೊದಲೇ ಆ ಪಾವಗಡದ ಹುಡುಗಿ ನೆನಪಾದಳು.

ನಾನು ಹಸಿರು ಪಟ್ಟಿಯ ಸುಖದಲ್ಲಿ ಮುಳುಗಿದ್ದ ಹೊತ್ತಿಗೆ, ಈ ಕಡೆ ಲೋಕ ಬೇರೆ ದಾರಿ ಹಿಡಿದಿತ್ತು. ಡಬ್ಲ್ಯು3ಸಿಯವರು ಎಕ್ಸ್‌ಎಚ್‌ಟಿಎಂಎಲ್ 2 ಅಂತ ಇನ್ನೂ ಶುದ್ಧವಾದ, ಹಳೇ ಪುಟಗಳ ಹಂಗೇ ಇಲ್ಲದ ಒಂದು ಭಾಷೆ ಕಟ್ಟುತ್ತಾ ಕೂತಿದ್ದರು. 2004ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಒಂದು ಸಭೆ ನಡೀತು. ಮೊಜಿಲ್ಲಾ ಮತ್ತು ಒಪೇರಾ ಕಂಪನಿಯವರು, ಇರೋ ಎಚ್‌ಟಿಎಂಎಲ್ ಅನ್ನೇ ಬೆಳೆಸೋಣ, ಬರೆಯೋನ ತಪ್ಪನ್ನ ಓದೋನ ತಲೆಗೆ ಕಟ್ಟೋದು ಬೇಡ ಅಂತ ಕೇಳಿದರು. ಮತಕ್ಕೆ ಹಾಕಿದರು. ವಿರುದ್ಧದವರೇ ಹೆಚ್ಚಾದರು. ಸೋತವರು ಸುಮ್ಮನೆ ಮನೆಗೆ ಹೋಗಲಿಲ್ಲ. ಆಪಲ್ ಕೂಡ ಸೇರಿ, ಕೆಲವೇ ದಿನದಲ್ಲಿ ವಾಟ್‌ವಿಜಿ ಅನ್ನೋ ಬೇರೆ ಗುಂಪು ಕಟ್ಟಿದರು, ಇಯಾನ್ ಹಿಕ್ಸನ್ ಬರೆಯೋಕೆ ಕೂತರು. 2006ರಲ್ಲಿ ಬರ್ನರ್ಸ್-ಲೀ ಅವರೇ, ಇಡೀ ಜಗತ್ತನ್ನ ಒಂದೇ ಸಲಕ್ಕೆ ಎಕ್ಸ್‌ಎಂಎಲ್‌ಗೆ ಹೊರಳಿಸೋ ಪ್ರಯತ್ನ ಫಲಿಸಲಿಲ್ಲ ಅಂತ ಒಪ್ಪಿಕೊಂಡರು. 2009ರ ಜುಲೈಯಲ್ಲಿ ಎಕ್ಸ್‌ಎಚ್‌ಟಿಎಂಎಲ್ 2 ಗುಂಪನ್ನು ವರ್ಷದ ಕೊನೆಗೆ ಮುಚ್ಚುತ್ತೇವೆ ಅಂತ ಪ್ರಕಟಣೆ ಬಂತು. ನಾನು ಕೆಲಸಕ್ಕೆ ಸೇರಿದ್ದು ಆಗಸ್ಟ್‌ನಲ್ಲಿ. ಅಂದರೆ, ದೇವಸ್ಥಾನಕ್ಕೆ ಬೀಗ ಹಾಕಿದ ಮರುತಿಂಗಳು ನಾನು ಹೂವು ತಗೊಂಡು ಹೋದೆ.

ಗೆದ್ದದ್ದು ಧಾರಾಳತನ ಅಂತ ಸಾಮಾನ್ಯವಾಗಿ ಈ ಕತೆ ಹೇಳ್ತಾರೆ. ನನಗೆ ಹಾಗನ್ನಿಸಲ್ಲ. ಹಳೇ ಬ್ರೌಸರುಗಳ ಧಾರಾಳತನ ಅವರವರ ಮರ್ಜಿ. ಎಚ್‌ಟಿಎಂಎಲ್5 ಬರೆದವರು ಮಾಡಿದ್ದು ಬೇರೆ. ತಪ್ಪು ಬಂದರೆ ಏನು ಮಾಡಬೇಕು ಅನ್ನೋದನ್ನೂ ಹೆಜ್ಜೆ ಹೆಜ್ಜೆಯಾಗಿ ನಿಯಮದಲ್ಲೇ ಬರೆದಿಟ್ಟರು. ಕ್ರೋಮ್ ಆಗಲಿ ಫೈರ್‌ಫಾಕ್ಸ್ ಆಗಲಿ, ನಿಮ್ಮ ಕೆಟ್ಟ ಪುಟವನ್ನ ಒಂದೇ ರೀತಿ ಸರಿಮಾಡಿಕೊಳ್ಳಬೇಕು. ಅದರಲ್ಲಿ ಬರುವ ಹೆಸರುಗಳನ್ನ ಕೇಳಿ. ದಪ್ಪಕ್ಷರದ ಟ್ಯಾಗ್ ಮುಚ್ಚೋ ಮೊದಲು ಇನ್ನೊಂದು ಅಡ್ಡ ಬಂದು ಸಿಕ್ಕು ಬಿದ್ದರೆ ಅದನ್ನ ಬಿಡಿಸೋ ವಿಧಾನಕ್ಕೆ 'ಅಡಾಪ್ಷನ್ ಏಜೆನ್ಸಿ' ಅಂತಾರೆ, ದತ್ತು ಕೊಡಿಸೋ ಸಂಸ್ಥೆ. ಟೇಬಲ್ಲಿನೊಳಗೆ ಇರಬಾರದ್ದು ಬಂದು ಕೂತಿದ್ದರೆ ಅದನ್ನ ಬಿಸಾಕಲ್ಲ, ಟೇಬಲ್ಲಿನ ಹೊರಗೆ ಮುಂದಕ್ಕೆ ಒಂದು ಜಾಗ ಮಾಡಿಕೊಡ್ತಾರೆ. ಅದಕ್ಕೆ 'ಫಾಸ್ಟರ್ ಪೇರೆಂಟ್', ಅಂದರೆ ಸಾಕುವ ತಂದೆತಾಯಿ. ತಾಂತ್ರಿಕ ಪುಸ್ತಕದಲ್ಲಿ ಇಂಥ ಹೆಸರು ಇಟ್ಟವರು ಯಾರೋ, ಅವರ ಕೈಗೆ ನಮಸ್ಕಾರ. ಈ ನಿಯಮದಂತೆ ಓದೋ ಯಂತ್ರ 2011ರಲ್ಲಿ ಫೈರ್‌ಫಾಕ್ಸ್ 4ರಲ್ಲಿ ಬಂತು.

ಇಲ್ಲಿ ನನ್ನ ಹಳ್ಳಿ ಹುಡುಗನ ವಾದಕ್ಕೆ ಉತ್ತರ ಸಿಕ್ಕಿತು. ಮನ್ನಣೆ ಕೂಡ ನಿಯಮವಾಗಬಹುದು. ಗುಮಾಸ್ತರ ಪರಿಚಯ ಇದ್ದವನಿಗೊಂದು, ಇಲ್ಲದವನಿಗೊಂದು ಅಂತ ಇರಬೇಕಿಲ್ಲ. ಅದೇ ಜನ 2007ರಲ್ಲಿ ಇನ್ನೊಂದು ಮಾತನ್ನೂ ಬರೆದುಕೊಂಡರು. ಇಬ್ಬರ ಹಿತ ಒಂದಕ್ಕೊಂದು ಅಡ್ಡ ಬಂದರೆ ಮೊದಲು ಓದುವವರು, ಆಮೇಲೆ ಪುಟ ಬರೆಯುವವರು, ಆಮೇಲೆ ಬ್ರೌಸರ್ ಮಾಡುವವರು, ಅವರ ನಂತರ ನಿಯಮ ಬರೆಯುವ ತಾವು. ಶಾಸ್ತ್ರದ ಮಡಿ ಎಲ್ಲಕ್ಕಿಂತ ಕೊನೆಗೆ. ನಿಯಮ ಬರೆಯೋನು ತನ್ನನ್ನೇ ಕೆಳಗಿನ ಸಾಲಿನಲ್ಲಿ ಕೂರಿಸಿಕೊಂಡ ಇನ್ನೊಂದು ಉದಾಹರಣೆ ನಿಮಗೆ ಗೊತ್ತಿದ್ದರೆ ನನಗೂ ಹೇಳಿ.

ಇಷ್ಟಕ್ಕೇ ನಿಲ್ಲಿಸಿದ್ದರೆ ಕತೆ ಸುಖಾಂತ. ನಾನೂ ನೆಮ್ಮದಿಯಾಗಿ ಎಚ್‌ಟಿಎಂಎಲ್5 ಬರೆದುಕೊಂಡು ಹತ್ತು ವರ್ಷ ಕಳೆದೆ.

2021ರಲ್ಲಿ, ಲಾಕ್‌ಡೌನ್ ಸಮಯ, ಊರಲ್ಲಿದ್ದೆ. ಸ್ನೇಹಿತರೆಲ್ಲ ಸೇರಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದೋರಿಗೆ ಕನ್ನಡದಲ್ಲಿ ನೋಟ್ಸ್ ಹಾಕೋ ಒಂದು ಸೈಟ್ ಮಾಡಿದ್ದೆವು. ಕೋಡ್ ನನ್ನದು. ವ್ಯಾಲಿಡೇಟರ್‌ನಲ್ಲಿ ಸೊನ್ನೆ ತಪ್ಪು. ಊರಿನ ಒಬ್ಬ ಹುಡುಗನಿಗೆ ಕಣ್ಣು ಕಾಣಲ್ಲ, ಬ್ಯಾಂಕ್ ಪರೀಕ್ಷೆಗೆ ಕೂತಿದ್ದ. ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ ಹಾಕಿಕೊಂಡಿದ್ದ, ಉಚಿತವಾಗಿ ಸಿಗುತ್ತೆ, ಪರದೆ ಮೇಲಿದ್ದದ್ದನ್ನು ಓದಿ ಹೇಳುತ್ತೆ. ನಾನು ಜಂಬದಿಂದ ಅವನ ಮನೆ ಜಗಲಿ ಮೇಲೆ ಕೂತು ನಮ್ಮ ಸೈಟ್ ತೆಗೆಸಿದೆ. ಇಂಗ್ಲಿಷ್ ದನಿಯೊಂದು ಶುರುವಾಯಿತು. ಕನ್ನಡ ಬಂದ ಕಡೆಯೆಲ್ಲ ಮೌನ, ನಡುವೆ ಇಸವಿ, ಶೇಕಡಾ, ಮತ್ತೆ ಮೌನ.

"ಅಣ್ಣ, ನಿಮ್ ಪೇಜು ಬರೀ ಲೆಕ್ಕ ಹೇಳ್ತೈತೆ," ಅಂದ.

ನೋಡಿದರೆ, ಮೊದಲ ಸಾಲಿನಲ್ಲಿ ಈ ಪುಟದ ಭಾಷೆ ಯಾವುದು ಅಂತ ಹೇಳೋ ಜಾಗದಲ್ಲಿ ಇಂಗ್ಲಿಷ್ ಅಂತ ಇತ್ತು. ಎಲ್ಲಿಂದಲೋ ಎತ್ತಿದ ಟೆಂಪ್ಲೇಟು, ಹಾಗೇ ಬಿಟ್ಟಿದ್ದೆ. ಕಣ್ಣಿದ್ದವರಿಗೆ ಅದರಿಂದ ಏನೂ ವ್ಯತ್ಯಾಸ ಇಲ್ಲ, ಅಕ್ಷರ ಕನ್ನಡದ್ದೇ ಕಾಣುತ್ತೆ. ಅವನ ಯಂತ್ರ ನನ್ನ ಮಾತು ನಂಬಿ ಇಂಗ್ಲಿಷ್ ದನಿ ಹಾಕಿಕೊಂಡಿತು. ಎರಡಕ್ಷರ ಬದಲಾಯಿಸಿದೆ, ಪುಟ ಕನ್ನಡದಲ್ಲಿ ಮಾತಾಡಿತು. ಮೂರು ತಿಂಗಳಿಂದ ಆ ಸೈಟು ನಡೀತಿತ್ತು. ಅಷ್ಟು ದಿನ ಎಷ್ಟು ಜನ ಬರೀ ಲೆಕ್ಕ ಕೇಳಿ ಎದ್ದು ಹೋದರೋ.

ಮತ್ತೆ ಅದೇ. ಅವತ್ತು ಕಠಿಣ ನಿಯಮದಿಂದ ಅವಳಿಗೆ ದಂಡ, ಇವತ್ತು ಧಾರಾಳ ನಿಯಮದಿಂದ ಇವನಿಗೆ. ಎರಡು ಸಲವೂ ನನಗೆ ಹಸಿರು ಪಟ್ಟಿ.

1980ರಲ್ಲಿ ಇಂಟರ್ನೆಟ್ಟಿನ ಟಿಸಿಪಿ ನಿಯಮ ಬರೆಯುವಾಗ ಜಾನ್ ಪೋಸ್ಟೆಲ್ ಒಂದು ಮಾತು ಸೇರಿಸಿದ್ದರು: ನೀನು ಕಳಿಸುವಾಗ ಬಿಗಿಯಾಗಿರು, ಬೇರೆಯವರು ಕಳಿಸಿದ್ದನ್ನು ತಗೊಳ್ಳುವಾಗ ಧಾರಾಳವಾಗಿರು ಎಂಬ ಅರ್ಥದ್ದು. ನಾವೆಲ್ಲ ಅದರ ಎರಡನೇ ಅರ್ಧವನ್ನ ಮಾತ್ರ ಬಾಯಿಪಾಠ ಮಾಡಿಕೊಂಡೆವು. 2023ರಲ್ಲಿ ಇಂಟರ್ನೆಟ್ ನಿಯಮಗಳ ಮಾಲೆಯಲ್ಲೇ 9413ನೇ ನಂಬರಿನ ದಾಖಲೆ ಬಂದು, ತಪ್ಪನ್ನು ಸದ್ದಿಲ್ಲದೆ ನುಂಗುತ್ತಾ ಹೋದರೆ ಆ ತಪ್ಪೇ ಬೇರೂರಿ ನಿಯಮವಾಗಿಬಿಡುತ್ತೆ ಅಂತ ಪೋಸ್ಟೆಲ್ ಮಾತನ್ನೇ ಪ್ರಶ್ನೆ ಮಾಡಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಂಗವಿಕಲರಿಗೆ ವೆಬ್ ಹೇಗಿರಬೇಕು ಅಂತ ಹೇಳೋ ಡಬ್ಲ್ಯುಸಿಎಜಿ ನಿಯಮದ 2.2ನೇ ಆವೃತ್ತಿ ಬಂತು. ಅದರಲ್ಲಿ ಟ್ಯಾಗುಗಳ ವ್ಯಾಕರಣ ಸರಿ ಇರಬೇಕು ಅನ್ನೋ ಹಳೇ ಅಂಶವನ್ನೇ ತೆಗೆದುಹಾಕಿದ್ದಾರೆ. ಬ್ರೌಸರುಗಳು ಅದನ್ನ ಸರಿಮಾಡಿಕೊಳ್ಳುತ್ತವೆ, ಇನ್ನು ಆ ಅಂಶದ ಅಗತ್ಯ ಇಲ್ಲ ಅಂತ. ಪುಟದ ಭಾಷೆ ಯಾವುದು ಅಂತ ಸರಿಯಾಗಿ ಹೇಳಬೇಕು ಅನ್ನೋದು ಮಾತ್ರ ಹಾಗೇ ಇದೆ, ಅದೂ ತೀರಾ ಕನಿಷ್ಠ ಮಟ್ಟದ ಅಗತ್ಯವಾಗಿ. ಇದನ್ನ ಓದಿದಾಗ ನನಗೆ ಜಗಲಿ ನೆನಪಾಯಿತು. ಮುಚ್ಚದ ಟ್ಯಾಗನ್ನ ಯಂತ್ರ ತಾನೇ ಮುಚ್ಚಿಕೊಳ್ಳುತ್ತೆ. ಕನ್ನಡವನ್ನ ಇಂಗ್ಲಿಷ್ ಅಂತ ಹೇಳಿದರೆ ಪಾಪ, ಅದು ನಂಬುತ್ತೆ. ಚಿತ್ರದಲ್ಲಿ ಏನಿದೆ ಅಂತ ಬರೀಬೇಕಾದ ಜಾಗದಲ್ಲಿ 'ಇಮೇಜ್1' ಅಂತ ಬರೆದರೆ ಅದನ್ನೇ ಓದಿ ಹೇಳುತ್ತೆ. ಅವಸರದಲ್ಲಿ ಎಡವಿದ್ದಕ್ಕೂ ಸುಳ್ಳು ಹೇಳಿದ್ದಕ್ಕೂ ಒಂದೇ ಕ್ಷಮೆ ಸಲ್ಲಲ್ಲ.

ಇದನ್ನೆಲ್ಲ ನಮ್ಮ ಹುಡುಗನಿಗೆ ಹೇಳಿದೆ. ಇಷ್ಟುದ್ದ ಅಲ್ಲ, ಊಟದ ಹೊತ್ತಲ್ಲಿ ಹೇಳುವಷ್ಟು.

"ಹಂಗಾದ್ರೆ ಮತ್ತೆ ಸ್ಟ್ರಿಕ್ಟ್ ಮಾಡೋಣ ಅಂತೀರಾ?"

"ಮಾಡೋಣ. ಆದ್ರೆ ನಮ್ಮ ಕಡೆ. ಸೈಟಿಗೆ ಹೋಗೋ ಮುಂಚೆ."

ಕೋಡ್ ಒಳಗೆ ಸೇರೋ ಜಾಗದಲ್ಲಿ ಒಂದು ತಪಾಸಣೆ ಕೂರಿಸಿದೆವು. ಟ್ಯಾಗ್ ಸಿಕ್ಕಾಗಿದ್ದರೆ, ಚಿತ್ರಕ್ಕೆ ವಿವರಣೆ ಇಲ್ಲದಿದ್ದರೆ, ಪುಟದಲ್ಲಿ ಕನ್ನಡ ಅಕ್ಷರ ಇದ್ದು ಭಾಷೆ ಕನ್ನಡ ಅಂತ ಬರೆದಿರದಿದ್ದರೆ, ಮುಂದಕ್ಕೆ ಬಿಡಲ್ಲ. ಹಳದಿ ಪುಟ ಈಗ ನಮಗೇ ಬರುತ್ತೆ. ಓದೋರಿಗೆ ಹೋಗೋದು ಮಾಮೂಲಿ ಎಚ್‌ಟಿಎಂಎಲ್, ಅದರಲ್ಲಿ ನಮ್ಮ ಕಣ್ಣು ತಪ್ಪಿದ್ದು ಏನಾದರೂ ಉಳಿದಿದ್ದರೆ ಬ್ರೌಸರ್ ನೋಡಿಕೊಳ್ಳಲಿ. ಇದರಿಂದ ಕೆಲಸ ನಿಧಾನ ಆಗುತ್ತೆ ಅಂತ ಮ್ಯಾನೇಜರ್ ಗೊಣಗಿದರು. ಆಗುತ್ತೆ, ನಿಜ. ವಾರಕ್ಕೆ ಅರ್ಧ ದಿನವಾದರೂ ತಿನ್ನುತ್ತೆ. ಆ ಅರ್ಧ ದಿನವನ್ನ ಯಾರಾದರೂ ಒಬ್ಬರು ಕೊಡಲೇಬೇಕು, ನಾವು ಕೊಡದಿದ್ದರೆ ಬಸ್ಸು ಹತ್ತಿ ಬಂದವರು ಕೊಡ್ತಾರೆ ಅಂದೆ. ಅವರಿಗೆ ಪೂರ್ತಿ ಒಪ್ಪಿಗೆ ಆದ ಹಾಗೆ ಕಾಣಲಿಲ್ಲ, ಮಾಡ್ಕೊಳ್ಳಿ ಅಂದರು.

ಶುಕ್ರವಾರ ಸಂಜೆ ಹಳೇ ಸೈಟಿನ ಮೇಲೆ ಆ ತಪಾಸಣೆಯನ್ನು ಮೊದಲ ಸಲ ಓಡಿಸಿದೆವು. 61 ತಪ್ಪು ಬಂತು. ಹುಡುಗ ಒಂದೊಂದೇ ತೆಗೆದು ಯಾರು ಬರೆದಿದ್ದು ಅಂತ ಹೆಸರು ನೋಡುತ್ತಾ ಹೋದ. 58 ನನ್ನವು. ಈ ಸಲ ಅವನು ನಗಲಿಲ್ಲ. ಊರಿಗೆ ರಾತ್ರಿ ಬಸ್ ಇದೆ ಸರ್ ಅಂದ, ಹೋಗಪ್ಪ ಅಂದೆ. ನೋಟಿಸ್ ಹಾಕೋ ಫಾರಂ ಅಲ್ಲೇ ಪಟ್ಟಿಯ ಮೇಲಿತ್ತು. ಹದಿನೈದು ವರ್ಷ ಆದರೂ ಆ & ಚಿಹ್ನೆಯನ್ನು ಸರಿಯಾಗಿ ಬರೆಯೋ ಕೋಡ್ ಅದರಲ್ಲಿ ಇನ್ನೂ ಇರಲಿಲ್ಲ. ಅಲ್ಲಿಂದಲೇ ಶುರು ಮಾಡಿದೆ.